ಫೈಲಿನಲ್ಲಿ ನಾನು ಚೆನ್ನಾಗಿದ್ದೆ

ಎರಡು ವರ್ಷಗಳಿಂದ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಡೂಯಿಂಗ್ ವೆಲ್." ರೋಗಿ ಚೆನ್ನಾಗಿದ್ದಾರೆ. ವೈದ್ಯರು ದಿನಕ್ಕೆ ಹತ್ತಾರು ಸಲ ಬರೆಯುವ ಮಾತು ಇದು. ಅಮೆರಿಕದ ಆಸ್ಪತ್ರೆಗಳಲ್ಲಿ 22 ವರ್ಷ ಅನಸ್ತೇಷಿಯಾ ವೈದ್ಯೆಯಾಗಿ ಕೆಲಸ ಮಾಡಿದ ನಾನೂ ಅದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆಪರೇಷನ್ ಮುಗಿದು ಕಣ್ಣು ಬಿಟ್ಟವರ ಫೈಲಿನಲ್ಲಿ, ಹೆರಿಗೆಯಾದ ಮಾರನೇ ದಿನ ತಾಯಂದಿರ ಫೈಲಿನಲ್ಲಿ, ನೋವು ಸ್ವಲ್ಪ ಇಳಿದವರ ಫೈಲಿನಲ್ಲಿ. ಆ ಎರಡು ಪದಗಳಿಂದ ಒಬ್ಬರ ಬದುಕಿಗೆ ಪೆಟ್ಟು ಬೀಳಬಹುದು ಅಂತ ನನಗೆ ಯಾವತ್ತೂ ಅನಿಸಿರಲಿಲ್ಲ. ಕಾಯಿಲೆಯಿಂದ ಕೆಲಸ ಮಾಡಲಾಗದಾಗ ಹಣ ಕೊಡಬೇಕಾದ ವಿಮಾ ಕಂಪನಿ ನನ್ನದೇ ಫೈಲನ್ನು ಓದಿ, ಅದರಲ್ಲಿದ್ದ ಮಾತನ್ನೇ ನನ್ನ ಮುಂದೆ ಹಿಡಿಯುವವರೆಗೆ.

2021ರಲ್ಲಿ ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂರನೇ ಹಂತ. ಆಪರೇಷನ್ ಆಯಿತು, ಆಮೇಲೆ ಆರು ತಿಂಗಳ ಕೀಮೊ. ಎರಡು ವಾರಕ್ಕೊಂದರಂತೆ ಹನ್ನೆರಡು ಸುತ್ತು. ಆ ಕಥೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಹೇಳಬೇಕಾದ್ದು ಒಂದೇ. ಆ ಕೀಮೊದಲ್ಲಿ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿ ಇರುತ್ತದೆ. ಅದು ಕೈಕಾಲಿನ ನರಗಳಿಗೆ ಏಟು ಕೊಡುತ್ತದೆ. ಮೊದಮೊದಲು ತಣ್ಣಗಿನ ವಸ್ತು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಸುತ್ತು ಹೆಚ್ಚಿದಂತೆ ಬೆರಳ ತುದಿಗಳು ಮರಗಟ್ಟುತ್ತವೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಅದು ಜಾಸ್ತಿಯಾಗುತ್ತಲೇ ಹೋಗಬಹುದು. ಕೆಲವರಿಗೆ ವಾಸಿಯಾಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ನನಗೆ ಉಳಿಯಿತು.

ಇದೆಲ್ಲ ನನಗೆ ಗೊತ್ತಿತ್ತು. ರೋಗಿ ಮರಗಟ್ಟುವಿಕೆ ಜಾಸ್ತಿ ಅಂದರೆ ಕ್ಯಾನ್ಸರ್ ವೈದ್ಯರು ಆ ಔಷಧಿಯನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ ಅನ್ನುವುದೂ ಗೊತ್ತಿತ್ತು. ಅದಕ್ಕೇ ನಾನು ಹೇಳಲಿಲ್ಲ. ಪೂರ್ತಿ ಹನ್ನೆರಡು ಸುತ್ತೂ ತೆಗೆದುಕೊಂಡು ಬದುಕಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಪ್ರತಿ ಭೇಟಿಯಲ್ಲೂ ಅವರು ಕೈ ಹೇಗಿದೆ ಅಂತ ಕೇಳುತ್ತಿದ್ದರು. ನಾನು "ಸ್ವಲ್ಪ ಜೋಮು ಅಷ್ಟೇ" ಅನ್ನುತ್ತಿದ್ದೆ. ಅವರು "ನ್ಯೂರೋಪಥಿ, ಗ್ರೇಡ್ 1" ಅಂತ ಬರೆದುಕೊಳ್ಳುತ್ತಿದ್ದರು. ನರಗಳ ತೊಂದರೆ ಇದೆ, ಆದರೆ ಕೆಲಸಕ್ಕೆ ಅಡ್ಡಿಯಾಗದಷ್ಟು, ತೀರಾ ಸಣ್ಣದು ಅಂತ ಅರ್ಥ. ಮನೆಗೆ ಬಂದರೆ ಅಂಗಿಯ ಗುಂಡಿಯನ್ನು ಗಂಡ ಹಾಕಿಕೊಡುತ್ತಿದ್ದರು.

ಆ ರಾತ್ರಿಯ ಸೂಜಿ

2022ರ ಜನವರಿಯಲ್ಲಿ ಕೆಲಸಕ್ಕೆ ವಾಪಸ್ ಹೋದೆ. ಎಲ್ಲರೂ ತುಂಬಾ ಪ್ರೀತಿಯಿಂದ ಬರಮಾಡಿಕೊಂಡರು. ನಾನೂ ಮೊದಲಿನ ಹಾಗೆ ರಾತ್ರಿ ಪಾಳಿ ಮಾಡುತ್ತೇನೆ ಅಂತ ಹೆಸರು ಕೊಟ್ಟೆ. ಏಪ್ರಿಲ್‌ನ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿಗೆ ಹೆರಿಗೆ ವಾರ್ಡಿನಿಂದ ಕರೆ ಬಂತು. ಮೊದಲ ಹೆರಿಗೆಯ ಹುಡುಗಿ. ನೋವು ತಡೆಯಲಾಗದೆ ಎಪಿಡ್ಯೂರಲ್, ಅಂದರೆ ಬೆನ್ನಿನ ಮೂಲಕ ಕೊಡುವ ನೋವಿನ ಔಷಧಿ, ಕೇಳಿದ್ದಳು.

ಎಪಿಡ್ಯೂರಲ್ ಹಾಕುವುದನ್ನು ನೋಡಿದವರಿಗೆ ಅದು ಕಣ್ಣಿನ ಕೆಲಸ ಅನಿಸಬಹುದು. ಅದು ಬೆರಳಿನ ಕೆಲಸ. ಬೆನ್ನುಮೂಳೆಗಳ ನಡುವೆ ಸೂಜಿ ಒಳಗೆ ಹೋಗುತ್ತದೆ. ಸೂಜಿಯ ಹಿಂದೆ ಸಲೈನ್ ತುಂಬಿದ ಸಿರಿಂಜು. ಹೆಬ್ಬೆರಳಿನಿಂದ ಅದನ್ನು ಒತ್ತುತ್ತಾ, ಮಿಲಿಮೀಟರ್ ಮಿಲಿಮೀಟರ್ ಆಗಿ ಮುಂದೆ ಹೋಗಬೇಕು. ಸೂಜಿಯ ತುದಿ ಗಟ್ಟಿಯಾದ ಹಳದಿ ಲಿಗಮೆಂಟಿನಲ್ಲಿ ಇರುವಷ್ಟು ಹೊತ್ತು ಸಿರಿಂಜು ಒತ್ತಿದರೆ ವಾಪಸ್ ತಳ್ಳುತ್ತದೆ. ಅದನ್ನು ದಾಟಿದ ಕ್ಷಣ ಆ ತಡೆ ಇದ್ದಕ್ಕಿದ್ದಂತೆ ಬಿಟ್ಟುಹೋಗುತ್ತದೆ. ಅದೇ ಜಾಗ. ಅದರಾಚೆ ಕೆಲವೇ ಮಿಲಿಮೀಟರ್ ದೂರದಲ್ಲಿ ಬೆನ್ನುಹುರಿಯ ಸುತ್ತಲಿನ ಪೊರೆ. ಅದನ್ನು ಚುಚ್ಚಿದರೆ ಒಳಗಿನ ದ್ರವ ಸೋರಿ, ಆ ತಾಯಿ ದಿನಗಟ್ಟಲೆ ತಲೆ ಎತ್ತಲಾಗದಂಥ ತಲೆನೋವು ಅನುಭವಿಸಬೇಕಾಗುತ್ತದೆ. ಸಾವಿರಾರು ಎಪಿಡ್ಯೂರಲ್ ಹಾಕಿದ್ದ ನನ್ನ ಕೈಗೆ ಆ "ಬಿಟ್ಟುಹೋಗುವುದು" ಹೊಸಿಲು ದಾಟಿದಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ಆ ರಾತ್ರಿ ಗೊತ್ತಾಗಲಿಲ್ಲ. ಸೂಜಿ ಒಳಗಿತ್ತು. ಹೆಬ್ಬೆರಳು ಸಿರಿಂಜಿನ ಮೇಲಿತ್ತು. ನಾನು ಒತ್ತುತ್ತಿದ್ದೇನಾ, ಎಷ್ಟು ಒತ್ತುತ್ತಿದ್ದೇನೆ, ಅದು ವಾಪಸ್ ತಳ್ಳುತ್ತಿದೆಯಾ, ಏನೂ ತಿಳಿಯಲಿಲ್ಲ. ಕಂಬಳಿ ಸುತ್ತಿದ ಕೈಯಲ್ಲಿ ಏನನ್ನೋ ಹಿಡಿದ ಹಾಗಿತ್ತು. ನೋವು ಬಂದು ಹುಡುಗಿ ನರಳಿದಳು, ನರ್ಸ್ ಅವಳ ಭುಜ ಹಿಡಿದುಕೊಂಡಳು. ನಾನು ಸೂಜಿಯನ್ನು ನಿಧಾನಕ್ಕೆ ಹೊರಗೆ ತೆಗೆದೆ. "ಒಂದು ನಿಮಿಷ ಇರಮ್ಮ, ಇನ್ನೊಬ್ಬ ಡಾಕ್ಟರ್ ಬಂದು ಹಾಕುತ್ತಾರೆ" ಅಂದೆ. ನನ್ನ ದನಿ ಸ್ಥಿರವಾಗಿತ್ತು. ಸಹೋದ್ಯೋಗಿ ಬಂದರು, ಹಾಕಿದರು, ಯಾರಿಗೂ ಏನೂ ಆಗಲಿಲ್ಲ. ಬೆಳಗಿನ ಜಾವ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೂತು ಎರಡೂ ಕೈ ಮುಖಕ್ಕೆ ಒತ್ತಿಕೊಂಡೆ. ಕೆನ್ನೆಗೆ ಬೆರಳು ತಗುಲಿದ್ದು ಗೊತ್ತಾಯಿತು. ಬೆರಳಿಗೆ ಕೆನ್ನೆ ತಗುಲಿದ್ದು ಗೊತ್ತಾಗಲಿಲ್ಲ.

ಅವತ್ತೇ ಕೆಲಸ ನಿಲ್ಲಿಸಿ, ಕಾರಣ ಬರೆದುಕೊಟ್ಟು, ಆ ವಿಮೆಯ ಹಣಕ್ಕೆ ಕ್ಲೇಮ್ ಹಾಕಿದ್ದರೆ ಮುಂದಿನ ಎರಡು ವರ್ಷ ಬೇರೆ ಥರ ಇರುತ್ತಿತ್ತು. ನಾನು ಮಾಡಿದ್ದು ಬೇರೆ. ಹೆರಿಗೆ ವಾರ್ಡು ಬೇಡ ಅಂತ ವಿಭಾಗದ ಮುಖ್ಯಸ್ಥರ ಹತ್ತಿರ ಬಾಯಿಮಾತಲ್ಲಿ ಕೇಳಿಕೊಂಡೆ. ಅವರು ಕಾರಣ ಕೇಳದೆ ಒಪ್ಪಿದರು. ಆಮೇಲೆ ರಾತ್ರಿ ಪಾಳಿ ಬಿಟ್ಟೆ. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದೆ ಹೋದಾಗ ದೊಡ್ಡ ಆಪರೇಷನ್‌ಗಳನ್ನು ಬಿಟ್ಟೆ. ಕೊನೆಗೆ ಆಪರೇಷನ್‌ಗೆ ಮುಂಚೆ ರೋಗಿಗಳನ್ನು ಕೂರಿಸಿ ಪ್ರಶ್ನೆ ಕೇಳುವ ಕ್ಲಿನಿಕ್ಕಿಗೆ ಬಂದೆ. ವಾರಕ್ಕೆ ಮೂರು ದಿನ. ಸಹೋದ್ಯೋಗಿಗಳು ನನ್ನ ಪಾಲಿನ ಕೆಲಸವನ್ನು ಹಂಚಿಕೊಂಡರು. ಒಬ್ಬರೂ ಒಂದು ಮಾತಾಡಲಿಲ್ಲ. ಎಲ್ಲಿಯೂ ಒಂದು ಸಾಲು ಬರೆದಿಡಲೂ ಇಲ್ಲ. 2023ರ ಫೆಬ್ರವರಿಯಲ್ಲಿ, ಆ ಕ್ಲಿನಿಕ್ಕಿನ ಕೆಲಸಕ್ಕೂ ಮೈ ಒಗ್ಗದೆ ಪೂರ್ತಿ ನಿಲ್ಲಿಸಿದಾಗ, ಫಾರ್ಮ್ ತುಂಬಿ ಕಳಿಸಿದೆ. ಆ ಫಾರ್ಮನ್ನು ನಾನೇ ತುಂಬಿದೆ. ವೈದ್ಯೆ ಅಲ್ವಾ, ಇದಕ್ಕೆ ಇನ್ನೊಬ್ಬರ ಸಹಾಯ ಯಾಕೆ ಅಂದುಕೊಂಡೆ.

ಬಂದ ಕಾಗದ

ಜುಲೈನಲ್ಲಿ ವಿಮಾ ಕಂಪನಿಯ ಕಾಗದ ಬಂತು. ಒಂಬತ್ತು ಪುಟ. ಮರ್ಯಾದೆಯ ಭಾಷೆ. ನಿಮ್ಮ ಕಾಯಿಲೆಯ ಬಗ್ಗೆ ನಮಗೆ ಸಹಾನುಭೂತಿ ಇದೆ ಅಂತ ಶುರು. ಆಮೇಲೆ ಕ್ಲೇಮ್ ತಿರಸ್ಕರಿಸಲು ಮೂರು ಕಾರಣ. ಒಂದು, ನಿಮ್ಮ ಕ್ಯಾನ್ಸರ್ ವೈದ್ಯರೇ ನೀವು ಚೆನ್ನಾಗಿದ್ದೀರಿ, ನ್ಯೂರೋಪಥಿ ಗ್ರೇಡ್ 1 ಅಂತ ಬರೆದಿದ್ದಾರೆ. ಎರಡು, ಕೀಮೊ ಮುಗಿದ ಮೇಲೆ ನೀವು ಒಂದು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದ್ದೀರಿ. ಮೂರು, ಕೆಲಸ ಬಿಟ್ಟಾಗ ನಿಮ್ಮ ಉದ್ಯೋಗ ಕ್ಲಿನಿಕ್ಕಿನಲ್ಲಿ ಕೂತು ರೋಗಿಗಳ ಜೊತೆ ಮಾತಾಡುವುದು, ಅದಕ್ಕೆ ಬೆರಳ ತುದಿಯ ಸ್ಪರ್ಶ ಬೇಕಿಲ್ಲ. ನನ್ನನ್ನು ಒಮ್ಮೆಯೂ ನೋಡದ ಒಬ್ಬ ವೈದ್ಯರು ಫೈಲು ಓದಿ ಈ ಅಭಿಪ್ರಾಯ ಕೊಟ್ಟಿದ್ದರು.

ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಸಿಟ್ಟಿಗಿಂತ ಅವಮಾನ ಜಾಸ್ತಿ ಆಯಿತು. ಸುಳ್ಳು ಹೇಳುತ್ತಿದ್ದೇನೆ ಅಂತ ಯಾರೋ ಸಭ್ಯವಾಗಿ ಹೇಳಿದ ಹಾಗೆ. ಅದೇ ರಾತ್ರಿ ಕಂಪ್ಯೂಟರ್ ಮುಂದೆ ಕೂತು ಒಂದೂವರೆ ಪುಟದ ಉತ್ತರ ಬರೆದೆ. ಅದನ್ನೇ ಅಪೀಲ್ ಅಂತ ಕಳಿಸಲು ಹೊರಟಿದ್ದೆ. ಗಂಡ ಓದಿ, "ಇದರಲ್ಲಿ ನಿನ್ನ ಸಿಟ್ಟಿದೆ, ನಿನ್ನ ಕೈ ಇಲ್ಲ. ಎರಡು ದಿನ ಇರಲಿ" ಅಂದರು. ಆ ಎರಡು ದಿನದಲ್ಲಿ, ಹಿಂದೆ ಇಂಥದ್ದೇ ದಾರಿಯಲ್ಲಿ ಹೋಗಿ ಬಂದಿದ್ದ ಒಬ್ಬ ಸರ್ಜನ್ ಸ್ನೇಹಿತರು ಫೋನಿನಲ್ಲಿ ಸಿಕ್ಕರು. ನಾನು ಓದಿ ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಮಾತು ಹೇಳಿದರು. "ದಯವಿಟ್ಟು ಅದನ್ನು ಕಳಿಸಬೇಡಿ. ಮೊದಲು ಇದನ್ನೇ ಮಾಡುವ ವಕೀಲರನ್ನು ನೋಡಿ."

ಕಳಿಸಿದ್ದರೆ ಏನಾಗುತ್ತಿತ್ತು ಅಂತ ಈಗ ಗೊತ್ತು. ನನ್ನ ಈ ಪಾಲಿಸಿ ಆಸ್ಪತ್ರೆಯ ಮೂಲಕ ಬಂದದ್ದು. ಅಮೆರಿಕದಲ್ಲಿ ಖಾಸಗಿ ಸಂಸ್ಥೆಗಳು ತಮ್ಮ ನೌಕರರಿಗೆ ಮಾಡಿಸುವ ಇಂಥ ಪಾಲಿಸಿಗಳು ಸಾಮಾನ್ಯವಾಗಿ 1974ರ ಎರಿಸಾ ಕಾನೂನಿನ ಕೆಳಗೆ ಬರುತ್ತವೆ. ಸರ್ಕಾರಿ ಮತ್ತು ಚರ್ಚ್ ಸಂಸ್ಥೆಗಳ ಯೋಜನೆಗಳು ಸಾಮಾನ್ಯವಾಗಿ ಹೊರಗೆ. ಎರಿಸಾದಲ್ಲಿ ಇಂಥ ಕ್ಲೇಮ್ ತಿರಸ್ಕಾರವಾದ ಮೇಲೆ ಅಪೀಲ್‌ಗೆ ಕನಿಷ್ಠ 180 ದಿನ ಸಿಗುತ್ತದೆ. ಆ ಅಪೀಲನ್ನು ಕೇಳುವುದು ಕೋರ್ಟ್ ಅಲ್ಲ, ಅದೇ ವಿಮಾ ಕಂಪನಿ. ಅಲ್ಲಿಯೂ ಸೋತರೆ ಆಮೇಲೆ ಫೆಡರಲ್ ಕೋರ್ಟು. ಆದರೆ ಅಲ್ಲಿ ಸಾಮಾನ್ಯವಾಗಿ ಜ್ಯೂರಿ ಇಲ್ಲ, ಸಾಕ್ಷಿಗಳು ಬಂದು ನಿಂತು ಮಾತಾಡುವುದಿಲ್ಲ. ಅಪೀಲ್ ಮುಗಿಯುವ ಹೊತ್ತಿಗೆ ಕಂಪನಿಯ ಫೈಲಿನಲ್ಲಿ ಏನಿತ್ತೋ ಹೆಚ್ಚಾಗಿ ಅಷ್ಟನ್ನೇ ನ್ಯಾಯಾಧೀಶರು ಓದುತ್ತಾರೆ. ಪಾಲಿಸಿಯಲ್ಲಿ "ನಿರ್ಧಾರದ ಅಧಿಕಾರ ಕಂಪನಿಯದ್ದು" ಅನ್ನುವ ಸಾಲು ಇದ್ದರೆ, 1989ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕಂಪನಿ ಹೇಳಿದ್ದು ಸರಿಯಾ ಅನ್ನುವುದಕ್ಕಿಂತ, ಒಪ್ಪಬಹುದಾದಷ್ಟು ಕಾರಣ ಇತ್ತಾ ಅಂತ ಮಾತ್ರ ಕೋರ್ಟ್ ನೋಡುತ್ತದೆ. ಕ್ಯಾಲಿಫೋರ್ನಿಯಾ, ಇಲಿನಾಯ್ ಥರದ ಕೆಲವು ರಾಜ್ಯಗಳು ಅಂಥ ಸಾಲನ್ನೇ ನಿಷೇಧಿಸಿವೆ. ಎಲ್ಲ ಕಡೆ ಹಾಗಿಲ್ಲ. ಅಂದರೆ ನನ್ನ ಆ ಒಂದೂವರೆ ಪುಟವೇ ನನ್ನ ಇಡೀ ಕೇಸ್ ಆಗಿಬಿಡುತ್ತಿತ್ತು. ಮುಂದೆ ಕೋರ್ಟಿನಲ್ಲಿ ಹೇಳೋಣ ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತುಗಳನ್ನು ಹೇಳಲು ಜಾಗವೇ ಇರುತ್ತಿರಲಿಲ್ಲ.

ಹನ್ನೊಂದು ಸಲ

ವಕೀಲೆಯ ಕೋಣೆ ಚಿಕ್ಕದು. ಅವರು ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನನ್ನ ಫೈಲನ್ನು ಕಂಪನಿಯಿಂದ ತರಿಸಿಕೊಂಡಿದ್ದರು. ನಮ್ಮ ಮೇಲಿನ ತೀರ್ಮಾನಕ್ಕೆ ಬಳಸಿದ ಕಾಗದಗಳನ್ನೆಲ್ಲ ಕೇಳಿ ಪಡೆಯುವ ಹಕ್ಕು ನಮಗಿದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಇದೂ ನನಗೆ ಗೊತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ಪುಟ. ಅಲ್ಲಲ್ಲಿ ಹಳದಿ ಚೀಟಿ ಅಂಟಿಸಿದ್ದರು.

"ಹನ್ನೊಂದು ಸಲ" ಅಂದರು.

ನನಗೆ ಅರ್ಥವಾಗಲಿಲ್ಲ.

"ನಿಮ್ಮ ವೈದ್ಯರು ನೀವು ಚೆನ್ನಾಗಿದ್ದೀರಿ ಅಂತ ಹನ್ನೊಂದು ಸಲ ಬರೆದಿದ್ದಾರೆ. ಕೈಯಿಂದ ಏನು ಮಾಡಲು ಆಗುತ್ತಿಲ್ಲ ಅಂತ ಎಷ್ಟು ಸಲ ಬರೆದಿದ್ದಾರೆ, ಹೇಳಿ ನೋಡೋಣ?"

ಒಂದು ಸಲವೂ ಇರಲಿಲ್ಲ. ನಾನು ಕ್ಯಾನ್ಸರ್ ವೈದ್ಯರ ಪರವಾಗಿ ಮಾತಾಡಲು ಹೋದೆ. ಅವರು ಒಳ್ಳೆಯವರು, ಅವರು ನೋಡುತ್ತಿದ್ದದ್ದು ಸ್ಕ್ಯಾನ್, ರಕ್ತದ ವರದಿ, ಕ್ಯಾನ್ಸರ್ ವಾಪಸ್ ಬಂದಿದೆಯಾ ಅನ್ನುವುದು, ಆ ಲೆಕ್ಕದಲ್ಲಿ ನಾನು ನಿಜವಾಗಿಯೂ ಚೆನ್ನಾಗಿದ್ದೆ. ವಕೀಲೆ ಕೈ ಎತ್ತಿ ತಡೆದರು. "ಅವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅವರು ನಿಮ್ಮ ಕಾಯಿಲೆಯ ಬಗ್ಗೆ ಬರೆದಿದ್ದಾರೆ. ನಿಮ್ಮ ಕೆಲಸದ ಬಗ್ಗೆ ಯಾರೂ ಬರೆದಿಲ್ಲ. ವಿಮೆ ಇರುವುದು ಕಾಯಿಲೆಗಲ್ಲ. ಕೆಲಸ ಮಾಡಲಾಗದಿರುವುದಕ್ಕೆ."

ಇಷ್ಟು ಸರಳವಾದ ಮಾತು. ಆದರೂ ನನ್ನನ್ನು ಅದು ಅಲ್ಲಾಡಿಸಿಬಿಟ್ಟಿತು. ಕ್ಯಾನ್ಸರ್ ಅನ್ನುವ ಹೆಸರು ಸಾಕು, ಅದನ್ನು ಕೇಳಿದ ಮೇಲೆ ಯಾರೂ ಇನ್ನೇನೂ ಕೇಳುವುದಿಲ್ಲ ಅಂತ ನಾನು ನಂಬಿದ್ದೆ. ಎಷ್ಟೋ ವೈದ್ಯರು ಹಾಗೇ ನಂಬಿರುತ್ತಾರೆ. ರೋಗದ ಹೆಸರು ಹಿಡಿಯುವುದೇ ನಮ್ಮ ವಿದ್ಯೆ. ಆ ಹೆಸರು ಸಿಕ್ಕಿದ ಮೇಲೆ ಒಬ್ಬ ಮನುಷ್ಯ ಬೆಳಗ್ಗೆ ಎದ್ದು ಯಾವ ಕೆಲಸವನ್ನು ಕೈಬಿಟ್ಟ ಅನ್ನುವುದನ್ನು ನಾವು ಬರೆದಿಡುವುದು ಕಡಿಮೆ. ನನ್ನ ಹತ್ತಿರ ಬಂದ ಎಷ್ಟು ಜನರ ಫೈಲಿನಲ್ಲಿ ನಾನು ಹಾಗೆ ಬರೆಯದೆ ಬಿಟ್ಟಿದ್ದೇನೋ ಅಂತ ಆ ಕೋಣೆಯಲ್ಲಿ ಕೂತೇ ನೆನಪು ಮಾಡಿಕೊಳ್ಳಲು ಶುರುಮಾಡಿದೆ. ಅದು ಇವತ್ತಿಗೂ ನಿಂತಿಲ್ಲ.

ಆಮೇಲೆ ಅವರು ಒಂದು ಖಾಲಿ ಹಾಳೆ ನನ್ನ ಮುಂದಿಟ್ಟರು. "ಕಾಯಿಲೆಗೆ ಮುಂಚಿನ ಒಂದು ದಿನ. ಬೆಳಗ್ಗೆ ಆರರಿಂದ. ನಿಮ್ಮ ಕೈ ಏನೇನು ಮಾಡುತ್ತಿತ್ತು, ಗಂಟೆಗಂಟೆಗೂ ಹೇಳಿ. ಅನಸ್ತೇಷಿಯಾ ಕೊಟ್ಟೆ ಅನ್ನಬೇಡಿ. ಕೈ ಏನು ಮಾಡಿತು ಅದನ್ನು ಹೇಳಿ." ಮೊದಲ ಹತ್ತು ನಿಮಿಷ ನನಗೆ ಹೇಳಲೇ ಬರಲಿಲ್ಲ. ಅಷ್ಟು ಅಭ್ಯಾಸವಾಗಿಹೋದ ಕೆಲಸವನ್ನು ಬಿಡಿಸಿ ನೋಡುವುದು ಕಷ್ಟ. ಆಮೇಲೆ ಒಂದೊಂದಾಗಿ ಬಂತು. ಮೊದಲು ಔಷಧಿಯ ಪುಟ್ಟ ಗಾಜಿನ ಶೀಶೆಯ ಕುತ್ತಿಗೆ ಮುರಿಯುವುದು. ಆಮೇಲೆ ಕಾಣದ ರಕ್ತನಾಳವನ್ನು ಬೆರಳಿನಿಂದ ಹುಡುಕುವುದು. ಗಂಟಲಿಗೆ ಟ್ಯೂಬ್ ಹಾಕುವಾಗ ಅದು ಎಲ್ಲಿ ತಡೆಯಿತು ಅಂತ ಕೈಯಲ್ಲಿ ತಿಳಿಯುವುದು. ಉಸಿರಿನ ಚೀಲ ಹಿಂಡುವಾಗ ಶ್ವಾಸಕೋಶ ಮೆತ್ತಗಿದೆಯಾ ಬಿಗಿಯಾಗಿದೆಯಾ ಅಂತ ಅಂಗೈಯಲ್ಲೇ ಗೊತ್ತಾಗುವುದು. ರಕ್ತದೊತ್ತಡ ಕುಸಿದಾಗ ಹತ್ತಾರು ಸೆಕೆಂಡಿನಲ್ಲಿ ಮೂರು ಸಿರಿಂಜು ತುಂಬಿಕೊಳ್ಳುವುದು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಕ್ಯಾನ್ಸರ್ ಅಂತ ಗೊತ್ತಾದ ದಿನವೂ ಹಾಗೆ ಅತ್ತಿರಲಿಲ್ಲ. ಆ ಕೆಲಸವನ್ನು ನಾನು ಎಷ್ಟು ಪ್ರೀತಿಸುತ್ತಿದ್ದೆ ಅನ್ನುವುದು, ಅದನ್ನು ಕಳೆದುಕೊಂಡೆ ಅಂತ ಬರೆದುಕೊಡುವ ಹೊತ್ತಿನಲ್ಲಿ ನನಗೆ ಪೂರ್ತಿ ತಿಳಿಯಿತು. ವಕೀಲೆ ಸುಮ್ಮನೆ ಕಾದರು. ಆಮೇಲೆ "ಹತ್ತು ಗಂಟೆಗೆ ಏನು?" ಅಂದರು.

ಕಾಗದ ಕೂಡಿಸುವುದು

ಮುಂದಿನ ಐದು ತಿಂಗಳು ನಡೆದದ್ದು ವಾದವಲ್ಲ. ಕಾಗದ ಕೂಡಿಸುವ ಕೆಲಸ. ವಕೀಲರ ಸಹಾಯ ಅಂದರೆ ಕಪ್ಪು ಕೋಟು, ಕೋರ್ಟು, ಜೋರು ಮಾತು ಅಂದುಕೊಂಡಿದ್ದೆ. ನನ್ನ ಕೇಸಿನಲ್ಲಿ ಅದರ ಮುಖ್ಯ ಭಾಗ, ಯಾವ ಕಾಗದ ಯಾರ ಹತ್ತಿರ ಇದೆ, ಯಾವ ಪ್ರಶ್ನೆ ಕೇಳಿದರೆ ಅದು ಹೊರಗೆ ಬರುತ್ತದೆ ಅನ್ನುವ ತಿಳಿವಳಿಕೆ.

ನನ್ನ ಉದ್ಯೋಗ ಕ್ಲಿನಿಕ್ಕಿನದ್ದಲ್ಲ ಅಂತ ತೋರಿಸಲು ಆಸ್ಪತ್ರೆಯ ಬಿಲ್ಲಿಂಗ್ ದಾಖಲೆ ಸಿಕ್ಕಿತು. ಅಮೆರಿಕದಲ್ಲಿ ವೈದ್ಯರು ಮಾಡುವ ಪ್ರತಿ ಕೆಲಸಕ್ಕೂ ಒಂದು ಕೋಡ್ ಇರುತ್ತದೆ. ದುಡ್ಡಿನ ಲೆಕ್ಕಕ್ಕೆ ಹುಟ್ಟಿದ ಕೋಡುಗಳು ಅವು. ಆದರೆ 2019, 2020 ಮತ್ತು 2022ರ ಕೋಡುಗಳನ್ನು ತಿಂಗಳ ಪ್ರಕಾರ ಜೋಡಿಸಿದಾಗ ನನ್ನ ದಿನಗಳೇ ಅಲ್ಲಿ ಕಂಡವು. ಎಷ್ಟು ಎಪಿಡ್ಯೂರಲ್, ಎಷ್ಟು ದೊಡ್ಡ ಆಪರೇಷನ್, ಎಷ್ಟು ರಾತ್ರಿ. 2022ರ ಏಪ್ರಿಲ್ ಆದ ಮೇಲೆ ಎಪಿಡ್ಯೂರಲ್ ಸೊನ್ನೆ. ಜೂನ್ ಆದ ಮೇಲೆ ರಾತ್ರಿ ಪಾಳಿ ಸೊನ್ನೆ. ಯಾರೂ ಬರೆದಿಡದ ನನ್ನ ಇಳಿಜಾರು ಅಲ್ಲಿತ್ತು. ಸಹೋದ್ಯೋಗಿಗಳು ಹೇಳಿಕೆ ಬರೆದುಕೊಟ್ಟರು. ಆ ರಾತ್ರಿ ನನ್ನ ಬದಲು ಸೂಜಿ ಹಾಕಿದವರೂ ಬರೆದರು. ಅವರು ಅದನ್ನು ಮರೆತಿರಲಿಲ್ಲ. ಇಷ್ಟು ದಿನ ನನ್ನ ಜೊತೆ ಅದರ ಬಗ್ಗೆ ಮಾತೂ ಆಡಿರಲಿಲ್ಲ.

ಕೈಯ ಪರೀಕ್ಷೆಗಳು ಬೇರೆ. ಬರೀ "ಮರಗಟ್ಟಿದೆ" ಅನ್ನುವುದು ನನ್ನ ಮಾತು, ಅಳೆದದ್ದು ಬೇಕು ಅಂದರು ವಕೀಲೆ. ನರಗಳ ವಿದ್ಯುತ್ ಪರೀಕ್ಷೆ ಆಯಿತು. ಕೈಯ ತರಬೇತಿಯ ಥೆರಪಿಸ್ಟ್ ಒಬ್ಬರು ಎರಡು ಗಂಟೆ ಕೂರಿಸಿಕೊಂಡರು. ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳಿಂದ ಬೆರಳ ತುದಿ ಮುಟ್ಟಿ, ಯಾವುದು ತಿಳಿಯುತ್ತದೆ ಅಂತ ಕೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಪರೀಕ್ಷೆ ಶುರುವಾಗುವುದನ್ನೇ ಕಾಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಅವರು ಆಗಲೇ ಆರು ಎಳೆ ಮುಟ್ಟಿಸಿ ಮುಗಿಸಿದ್ದರು.

ಕ್ಯಾನ್ಸರ್ ವೈದ್ಯರ ಹತ್ತಿರ ಹೋಗಿ ನಿಜ ಹೇಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಔಷಧಿ ಕಡಿಮೆ ಮಾಡುತ್ತೀರಿ ಅಂತ ಹೆದರಿ ನಾನು ಆಗ ಮುಚ್ಚಿಟ್ಟೆ ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಹೇಳಿದ್ದರೆ ನಾನು ಒಂಬತ್ತನೇ ಸುತ್ತಿಗೇ ನಿಲ್ಲಿಸುತ್ತಿದ್ದೆ" ಅಂದರು. ಆ ಮಾತಿನ ಭಾರವನ್ನು ನಾನು ಈಗಲೂ ಹೊತ್ತಿದ್ದೇನೆ. ನಿಲ್ಲಿಸಿದ್ದರೆ ಬೆರಳು ಉಳಿಯುತ್ತಿತ್ತಾ? ನಿಲ್ಲಿಸಿದ್ದರೆ ಕ್ಯಾನ್ಸರ್ ವಾಪಸ್ ಬರುತ್ತಿತ್ತಾ? ಯಾರಿಗೂ ಹೇಳಲಾಗದು. ಅವರು ತಮ್ಮ ಕಾಗದದಲ್ಲಿ ಎಲ್ಲವನ್ನೂ ಹಾಗೇ ಬರೆದರು. ಗ್ರೇಡ್ 1 ಅಂತ ಯಾಕೆ ಬರೆದೆ, ರೋಗಿ ಯಾಕೆ ಹೇಳಲಿಲ್ಲ, "ಚೆನ್ನಾಗಿದ್ದಾರೆ" ಅನ್ನುವ ಮಾತು ಕ್ಯಾನ್ಸರ್ ಬಗ್ಗೆ ಮಾತ್ರ, ಕೈಗಳ ಬಗ್ಗೆ ಅಲ್ಲ. ಮುಚ್ಚಿಟ್ಟದ್ದನ್ನು ಒಪ್ಪಿಕೊಂಡರೆ ನನ್ನನ್ನು ನಂಬುತ್ತಾರಾ ಅಂತ ನಾನು ವಕೀಲೆಯನ್ನು ಕೇಳಿದ್ದೆ. ನಡೆದದ್ದು ಅದೇ ತಾನೆ, ಅದನ್ನೇ ಬರೆಯೋಣ ಅಂದರು. ನಾನು ಮಾಡಿದ ಒಂದು ಸಣ್ಣ ಲೆಕ್ಕವನ್ನೂ ಜಾಸ್ತಿ ಮಾಡಿ ಹೇಳಲು ಅವರು ಬಿಡಲಿಲ್ಲ. ಒಳ್ಳೆಯ ದಿನಗಳಲ್ಲಿ ಏನು ಮಾಡುತ್ತೀರಿ ಅನ್ನುವುದನ್ನೂ ಬರೆಸಿದರು. ಕಂಪನಿಯವರು ನಾನು ಬೆಟ್ಟದ ದಾರಿಯಲ್ಲಿ ನಗುತ್ತಾ ನಿಂತ ಒಂದು ಫೋಟೋವನ್ನು ಫೈಲಿಗೆ ಸೇರಿಸಿದ್ದರು. ಅದಕ್ಕೆ ಉತ್ತರ ಒಂದೇ ಸಾಲು. ಹೌದು, ನಡೆಯುತ್ತೇನೆ, ನಡೆಯಲಾಗದು ಅಂತ ಯಾವತ್ತೂ ಹೇಳಿಲ್ಲ.

ನನ್ನ ವೈದ್ಯರು ಇಷ್ಟೆಲ್ಲ ಬರೆದ ಮೇಲೂ ಕಂಪನಿ ಅದಕ್ಕೆ ವಿಶೇಷ ತೂಕ ಕೊಡಲೇಬೇಕು ಅಂತೇನಿಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ನಂಬಬಹುದಾದ ಪುರಾವೆಯನ್ನು ಮನಸ್ಸಿಗೆ ಬಂದ ಹಾಗೆ ತಳ್ಳಿಹಾಕುವಂತಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. 2008ರ ಇನ್ನೊಂದು ತೀರ್ಪನ್ನು ವಕೀಲೆ ನನಗೆ ಓದಲು ಕೊಟ್ಟರು. ಹೃದಯದ ಕಾಯಿಲೆಯ ಒಬ್ಬ ಹೆಂಗಸಿನ ಕೇಸು. ಯಾವ ಕೆಲಸವನ್ನೂ ಮಾಡಲಾಗದು ಅಂತ ಸರ್ಕಾರದ ಸೋಷಿಯಲ್ ಸೆಕ್ಯುರಿಟಿಗೆ ಅರ್ಜಿ ಹಾಕಲು ಆಕೆಗೆ ಹೇಳಿದ್ದು ವಿಮಾ ಕಂಪನಿಯೇ. ಅಲ್ಲಿ ಆಕೆಗೆ ಹಣ ಬಂದಾಗ ಅದರ ಬಹುಪಾಲು ಕಂಪನಿಗೆ ವಾಪಸ್ ಹೋಯಿತು. ಆಮೇಲೆ ಅದೇ ಕಂಪನಿ, ಆಕೆ ಕೂತು ಮಾಡುವ ಕೆಲಸ ಮಾಡಬಲ್ಲಳು ಅಂತ ತನ್ನ ಹಣ ನಿಲ್ಲಿಸಿತು. ಕ್ಲೇಮ್ ನಿರ್ಧರಿಸುವವರೂ ದುಡ್ಡು ಕೊಡುವವರೂ ಒಬ್ಬರೇ ಆದಾಗ ಅದನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ತೀರ್ಪು ಬಂತು. ರಾತ್ರಿ ಅದನ್ನು ಓದುವಾಗ, ನಾನು ಒಬ್ಬಳೇ ಅಲ್ಲ ಅನ್ನುವ ಧೈರ್ಯ ಸಿಕ್ಕಿತು. ಆಕೆ ವೈದ್ಯೆಯಲ್ಲ, ಅಂಗಡಿಯ ನೌಕರಳು. ಆಕೆಯ ಹಟದಿಂದ ನನ್ನಂಥವರಿಗೆ ಒಂದು ಹಿಡಿ ಸಿಕ್ಕಿದೆ.

ನನ್ನ ಹತ್ತಿರ ಇನ್ನೊಂದು ಪಾಲಿಸಿಯೂ ಇತ್ತು. ರೆಸಿಡೆನ್ಸಿಯಲ್ಲಿ, ಅಂದರೆ ಸ್ಪೆಷಾಲಿಟಿಯ ತರಬೇತಿಯಲ್ಲಿ ಇದ್ದಾಗ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಹಿರಿಯರೊಬ್ಬರ ಒತ್ತಾಯಕ್ಕೆ ನಾನೇ ಕೊಂಡದ್ದು. "ಸ್ವಂತ ಉದ್ಯೋಗ" ಮಾಡಲಾಗದಿದ್ದರೆ ಹಣ ಕೊಡುವ ಅದರಲ್ಲಿ, ಆ ಉದ್ಯೋಗ ಅಂದರೆ ನನ್ನ ಸ್ಪೆಷಾಲಿಟಿ ಅಂತ ಬಿಡಿಸಿ ಬರೆದಿತ್ತು. ಸ್ವಂತ ಪಾಲಿಸಿಗೆ ಎರಿಸಾ ಇಲ್ಲ, ರಾಜ್ಯದ ಕಾನೂನು. ಅಲ್ಲಿ ಕಂಪನಿ ಸುಮ್ನೆ ಸತಾಯಿಸಿದರೆ, ಬಹಳ ರಾಜ್ಯಗಳಲ್ಲಿ ಅದಕ್ಕೆ ಬೇರೆ ಪರಿಹಾರವನ್ನೂ ಕೇಳಬಹುದು. ಕೈಯಿಂದ ಪ್ರೀಮಿಯಂ ಕಟ್ಟಿದ್ದರಿಂದ ಬರುವ ಹಣಕ್ಕೆ ತೆರಿಗೆಯೂ ಇಲ್ಲ. ಆಸ್ಪತ್ರೆ ಪ್ರೀಮಿಯಂ ಕಟ್ಟಿದ ಪಾಲಿಸಿಯ ಹಣಕ್ಕೆ ತೆರಿಗೆ ಇದೆ. ಸಂಸ್ಥೆಗಳು ಮಾಡಿಸುವ ಇಂಥ ಗುಂಪು ಪಾಲಿಸಿಗಳಲ್ಲಿ ಎರಡು ವರ್ಷ ಕಳೆದ ಮೇಲೆ "ಸ್ವಂತ ಉದ್ಯೋಗ" ಮಾಡಲಾಗದಿದ್ದರೆ ಅನ್ನುವುದು ಹೋಗಿ "ಯಾವುದೇ ಉದ್ಯೋಗ" ಮಾಡಲಾಗದಿದ್ದರೆ ಅಂತ ಬದಲಾಗುವುದು ಮಾಮೂಲು. ಎರಡನ್ನೂ ನಾನು ಡ್ರಾಯರಿನಲ್ಲಿಟ್ಟಿದ್ದೆ. ಕಾಯಿಲೆ ಬರುವವರೆಗೆ ಒಂದನ್ನೂ ಪೂರ್ತಿ ಓದಿರಲಿಲ್ಲ. ಸ್ವಂತ ಪಾಲಿಸಿಯವರು ಕೋಡುಗಳ ಪಟ್ಟಿ ನೋಡಿದ ಮೇಲೆ ಹೆಚ್ಚು ತಕರಾರಿಲ್ಲದೆ ಹಣ ಶುರುಮಾಡಿದರು. ಮನೆ ನಡೆದದ್ದು ಅದರಿಂದ.

ಅಪೀಲ್ ಕಳಿಸಿದ್ದು 180 ದಿನಕ್ಕೆ ಇನ್ನೂ ಎಂಟು ದಿನ ಬಾಕಿ ಇರುವಾಗ. ಕಂಪನಿಗೆ ಉತ್ತರಿಸಲು 45 ದಿನ, ಕಾರಣ ಕೊಟ್ಟರೆ ಇನ್ನೂ 45. ನಡುವೆ ಅವರು ಮತ್ತೊಬ್ಬ ವೈದ್ಯರಿಂದ ಹೊಸ ಅಭಿಪ್ರಾಯ ಬರೆಸಿದರು. 2018ರ ಏಪ್ರಿಲ್‌ನಿಂದ ಜಾರಿಯಾದ ನಿಯಮದ ಪ್ರಕಾರ, ಅಂಥ ಹೊಸ ಕಾಗದವನ್ನು ತೀರ್ಮಾನಕ್ಕೆ ಮುಂಚೆ ನಮಗೆ ತೋರಿಸಿ, ಉತ್ತರ ಕೊಡಲು ಅವಕಾಶ ಕೊಡಬೇಕು. ಕೊಟ್ಟರು. ಆ ವೈದ್ಯರು ನೈಲಾನ್ ಎಳೆಯ ಪರೀಕ್ಷೆಯನ್ನು ನೋಡಿಯೇ ಇರಲಿಲ್ಲ. ಅದನ್ನೇ ಬರೆದು ಕಳಿಸಿದೆವು. 2024ರ ಏಪ್ರಿಲ್‌ನಲ್ಲಿ, ಎರಡೇ ಪುಟದ ಕಾಗದ ಬಂತು. ಹಳೆಯ ತೀರ್ಮಾನ ವಾಪಸ್. ಬಾಕಿ ಹಣ ಬರುತ್ತದೆ. ಅದರಲ್ಲಿ ಒಂದು ಪಾಲು ಒಪ್ಪಂದದ ಪ್ರಕಾರ ವಕೀಲೆಗೆ. ಕೋರ್ಟಿಗೆ ಹೋಗದೆ ಅಪೀಲ್‌ನಲ್ಲೇ ಗೆದ್ದರೆ ಆ ಖರ್ಚು ಸಾಮಾನ್ಯವಾಗಿ ಕಂಪನಿಯಿಂದ ವಾಪಸ್ ಸಿಗುವುದಿಲ್ಲ. ಅದನ್ನು ಕೊಡುವಾಗ ನನಗೆ ಒಂದು ಕ್ಷಣವೂ ಬೇಸರವಾಗಲಿಲ್ಲ.

ಈಗ

ಹಣ ಬಂತು ಅಂದರೆ ಮುಗಿಯಲಿಲ್ಲ. ಕೆಲವು ತಿಂಗಳಿಗೊಮ್ಮೆ ಫಾರ್ಮ್ ಬರುತ್ತದೆ. ವೈದ್ಯರ ಭಾಗ ಒಂದು, ನನ್ನ ಭಾಗ ಒಂದು. ನಾನೀಗ ಮೆಡಿಕಲ್ ವಿದ್ಯಾರ್ಥಿಗಳಿಗೆ ವಾರಕ್ಕೆ ಒಂದು ಮಧ್ಯಾಹ್ನ ಪಾಠ ಮಾಡುತ್ತೇನೆ. ಅದನ್ನೂ ಆ ಫಾರ್ಮಿನಲ್ಲಿ ಬರೆಯುತ್ತೇನೆ, ಬಂದ ದುಡ್ಡಿನ ಸಮೇತ. ಪಾಠದಲ್ಲಿ ರೋಗಿಯ ಟಿಪ್ಪಣಿ ಬರೆಯುವುದನ್ನು ಕಲಿಸುವಾಗ, ಒಬ್ಬ ಹುಡುಗ "ಡೂಯಿಂಗ್ ವೆಲ್" ಅಂತ ಬರೆದು ಹಾಳೆ ಕೊಟ್ಟ. ಸಂಧಿವಾತದ ಒಬ್ಬ ಬಡಗಿಯ ಟಿಪ್ಪಣಿ ಅದು. "ಉಳಿ ಹಿಡಿಯಲು ಆಗುತ್ತಾ ಅಂತ ಕೇಳಿದೆಯಾ?" ಅಂದೆ. ಕೇಳಿರಲಿಲ್ಲ. ವಾಪಸ್ ಹೋಗಿ ಕೇಳಿ ಬಂದ. ಆಗುವುದಿಲ್ಲವಂತೆ, ಎರಡು ತಿಂಗಳಾಯಿತಂತೆ. ಅದನ್ನು ಬರೆದ.

ನಿನ್ನೆ ಈ ಸಲದ ಫಾರ್ಮ್ ಬಂತು. ಕೊನೆಯಲ್ಲಿ ಒಂದು ಚೌಕ, ಅದರ ಮೇಲೆ "ಈಗ ಹೇಗಿದ್ದೀರಿ, ವಿವರಿಸಿ" ಅಂತ ಇರುತ್ತದೆ. ಪೆನ್ನು ಹಿಡಿದು ಬರೆದರೆ ಅಕ್ಷರ ಸೊಟ್ಟಗಾಗುತ್ತದೆ, ಅದಕ್ಕೆ ಟೈಪ್ ಮಾಡಿಸುತ್ತೇನೆ. ನಾನು ಹೇಳುತ್ತಾ ಹೋದೆ, ಗಂಡ ಟೈಪ್ ಮಾಡಿದರು. ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಸ್ಪರ್ಶ ಇಲ್ಲ. ಎಡಗೈಯಲ್ಲಿ ಸ್ವಲ್ಪ ಇದೆ. ಬೀಗದ ಕೈಯನ್ನು ಚೀಲದೊಳಗೆ ಕಣ್ಣಿಂದ ನೋಡದೆ ಹುಡುಕಲಾಗದು. ಅಂಗಿಯ ಮೇಲಿನ ಎರಡು ಗುಂಡಿ ಹಾಕಲಾಗದು. ಕೆಳಗಿನವು, ಕನ್ನಡಿ ಮುಂದೆ ನಿಂತರೆ, ಹಾಕಲು ಬರುತ್ತವೆ.